ಹೋದದ್ದಕ್ಕೂ ಬಂದದ್ದಕ್ಕೂ ಪೋಸ್ಟೇಜು

“ರೊಟ್ಟಿಗೆ ಎರಡನೂರಾ ಹತ್ತು, ಅದನ್ನ ಕಳಸಾಕ ನೂರಾ ಅರವತ್ತೈದು! ಏನ್ರಿ ಇದು, ರೊಟ್ಟೀನ ಇಮಾನದಾಗ ಕುಂಡ್ರಿಸಿ ಕಳಸ್ತೀರೇನು?”

ಯಶೋಧರಾ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಳು. ಅಷ್ಟು ದೂರದಲ್ಲಿದ್ದರೂ ಆ ಮಾತು ಒಲೆಯ ಮುಂದೆ ಕೂತಿದ್ದ ಅವಳ ಅತ್ತೆ ಹನಮವ್ವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮಾತಾಡುತ್ತಿದ್ದವನು ವಿಜಯಪುರದ ಸಂಗನಬಸವ. ಪೈಪು, ನಲ್ಲಿ, ಮೋಟಾರು ಮಾರುವ ಅಂಗಡಿಯವನು. ಹದಿನೈದು ದಿನದಲ್ಲಿ ಇದು ಅವನ ಮೂರನೆಯ ಜಗಳ.

“ಇಮಾನ ಅಲ್ರಿ, ಟಿಕೋಟಾದಿಂದ ಕೊರಿಯರ್‌ನಾಗ ಬರತೈತ್ರಿ.”

“ಟಿಕೋಟಾ ಎಲ್ಲೈತ್ರಿ? ನಮ್ಮ ಮಾಳಗಿ ಮ್ಯಾಲ ನಿಂತ ಕೂಗಿದ್ರ ಕೇಳತೈತಿ. ಅಲ್ಲಿಂದ ಇಲ್ಲಿಗೆ ಬರಾಕ ನಾಕ ದಿನ ಯಾಕ ಬೇಕು?”

“ಹುಬ್ಬಳ್ಳಿಗೆ ಹೋಗಿ ಬರತೈತ್ರಿ ಅದು.”

“ರೊಟ್ಟಿಗೆ ಹುಬ್ಬಳ್ಯಾಗ ಏನ್ ಕೆಲಸ?”

ಹನಮವ್ವ ಬಡಿಯುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಯಶೋಧರಾಳಿಗೆ ನಗು ಬರಲಿಲ್ಲ. ಪುಣೆಯವರು ಕೇಳಿದರೆ ಕೇಳಲಿ, ಹೈದರಾಬಾದಿನವರು ಕೇಳಿದರೆ ಕೇಳಲಿ. ಒಂದು ತಾಸಿನ ಹಾದಿಯವನೂ ಹೀಗೆ ಹಲ್ಲು ಕಡಿದರೆ ಏನು ಹೇಳುವುದು? ಪೋಸ್ಟೇಜು ಅವಳ ಕೈಗೆ ಬರುವ ದುಡ್ಡಲ್ಲ. ಆ್ಯಪಿನವರು ಕತ್ತರಿಸಿಕೊಂಡು ಕೊರಿಯರಿನವರಿಗೆ ಕೊಡುತ್ತಾರೆ. ಅದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಕೊಳ್ಳುವವರ ಕಣ್ಣಿಗೆ ಕಳ್ಳಿ ಇವಳೇ.

ಘೋಣಸಗಿಯ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಮಹಿಳಾ ಸಂಘಕ್ಕೆ ಪಂಚಾಯಿತಿ ಕೊಟ್ಟ ಒಂದು ಖೋಲಿಯಿದೆ. ಅತ್ತೆ ಸೊಸೆ ಇಬ್ಬರೂ ಕಡಕ್ ರೊಟ್ಟಿ ಮಾಡುವುದು ಅಲ್ಲಿಯೇ. ಎರಡು ವರ್ಷದ ಹಿಂದಿನವರೆಗೂ ಇಬ್ಬರೂ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದರು. ಗೊನೆ ಬಿಡಿಸುವ ಕೆಲಸ, ಮನೂಕದ ಶೆಡ್ಡಿನಲ್ಲಿ ಒಣದ್ರಾಕ್ಷಿ ಹೆಕ್ಕುವ ಕೆಲಸ, ಮಾಲೀಕನ ತಮ್ಮನ ಬೈಗುಳದ ಬಾಯಿ. ಫೋನಿನಲ್ಲಿ ನೋಡಿ ನೋಡಿಯೇ ಕಲಿತು ಯಶೋಧರಾ ಆ್ಯಪಿನಲ್ಲಿ ‘ಹನಮವ್ವನ ಕಡಕ್ ರೊಟ್ಟಿ’ ಎಂಬ ಅಂಗಡಿ ತೆರೆದಳು. ಫೋಟೋ ಹಾಕು ಅಂದಾಗ ಹನಮವ್ವ ಮುಖ ಕೊಡಲಿಲ್ಲ. “ಮಾರಿ ಏನ್ ನೋಡ್ತಾರ, ರೊಟ್ಟಿ ಬಡಿಯೂ ಕೈ ನೋಡ್ಲಿ” ಅಂದಳು. ಹಾಗಾಗಿ ಅಂಗಡಿಯ ಮೇಲೆ ಹಿಟ್ಟು ಮೆತ್ತಿದ ಎರಡು ಕೈ ಅಷ್ಟೇ ಇವೆ. ಆ ಎರಡು ಕೈ ಅವರಿಬ್ಬರನ್ನೂ ಕೂಲಿಯಿಂದ ಬಿಡಿಸಿದವು.

ಪೋಸ್ಟೇಜು ಏರಿದ್ದಕ್ಕೆ ಅರ್ಧ ಕಾರಣ ಹನಮವ್ವನೇ. ಮುರಿದ ರೊಟ್ಟಿ ಪರರ ಮನೆಗೆ ಹೋಗಕೂಡದು ಎಂಬುದು ಅವಳ ಹಟ. “ಬೀಗರ ಮುಂದ ಚೂರ ಇಡ್ತಾರೇನು?” ಅನ್ನುತ್ತಾಳೆ. ಅದಕ್ಕೆ ದೊಡ್ಡ ಡಬ್ಬಿ, ಸುತ್ತಲೂ ನಾಲ್ಕು ಬೆರಳು ಜಾಗ, ಆ ಜಾಗದ ತುಂಬ ಕಾಗದದ ಉಂಡೆ. ಟಿಕೋಟಾದಲ್ಲಿ ಕೊರಿಯರ್ ಅಂಗಡಿ ಇಟ್ಟಿರುವ ಬುಡ್ಡೇಸಾಬ ಮೊದಲ ದಿನವೇ ಟೇಪು ಹಿಡಿದು ಡಬ್ಬಿಯ ಉದ್ದ, ಅಗಲ, ಎತ್ತರ ಅಳೆದು ತಲೆಯಾಡಿಸಿದ್ದ. “ತಂಗಿ, ರೊಟ್ಟಿ ಒಂದ ಕಿಲೋ. ನಮ್ಮ ಕಂಪ್ಯೂಟರ್ ಎರಡೂವರಿ ಕಿಲೋ ಅಂತೈತಿ. ಡಬ್ಬಿ ಎಷ್ಟ ಜಾಗ ತಿಂತೈತೋ ಅಷ್ಟ ತೂಕ. ಅದು ಗಾಳೀನೂ ತೂಗತೈತಿ ಬೇ!”

ಸಂಗನಬಸವನ ಮನೆಯವರು ನಾಲ್ಕು ತಿಂಗಳಿಂದ ಬಿಡದೆ ತರಿಸುತ್ತಿದ್ದರು. ಆರ್ಡರ್ ಹಾಕುವವಳು ಅವನ ಹೆಂಡತಿ ನೇತ್ರಾ, ತಿನ್ನುವವಳು ಅವನ ತಾಯಿ ಗುರುಸಿದ್ದವ್ವ, ಜಗಳಕ್ಕೆ ಮಾತ್ರ ಇವನು. ‘ರೊಟ್ಟಿ ಬಂಗಾರದಂಥವು, ಪೋಸ್ಟೇಜ್ ಹಗಲು ದರೋಡೆ’ ಎಂದು ಒಮ್ಮೆ ಆ್ಯಪಿನಲ್ಲೂ ಬರೆದಿದ್ದ. ಈ ಸಲ ಬೈದು ಬೈದು ಸುಸ್ತಾದ ಮೇಲೆ ಅವನೇ ಒಂದು ದಾರಿ ಹೇಳಿದ.

“ನೋಡ್ರಿ, ಬಬಲೇಶ್ವರದಾಗ ನಮ್ಮ ಎರಡನೇ ಅಂಗಡಿ ಪೂಜಾ ಐತಿ. ಮುನ್ನೂರ ರೊಟ್ಟಿ ಬೇಕು. ಕೊರಿಯರೂ ಬ್ಯಾಡ, ಹುಬ್ಬಳ್ಳೀನೂ ಬ್ಯಾಡ. ಐತವಾರ ನಾನ ಕಾರ್ ತಗೊಂಡ ಬರ್ತೀನಿ. ಅವ್ವನೂ ಆ ಕೈ ನೋಡಬೇಕಂತ ಕುಂತಾಳ.”

“ಬರ್ರಿ ಬರ್ರಿ,” ಯಶೋಧರಾಳ ಸಿಟ್ಟು ಅಷ್ಟಕ್ಕೇ ಇಳಿಯಿತು. “ಬಸ್‌ಸ್ಟ್ಯಾಂಡ್ ಬಾಜೂಕ ಖೋಲಿ ಐತ್ರಿ. ಬಿಸಿ ರೊಟ್ಟಿ ಮಾಡಿರ್ತೇವಿ.”

ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಬಿಳಿ ಕಾರು ಬಂತು. ಸಂಗನಬಸವ ಫೋನಿನಲ್ಲಿದ್ದಷ್ಟು ಕೆಟ್ಟವನಾಗಿ ಕಾಣಲಿಲ್ಲ. ದುಂಡು ಮುಖದ, ಬೆವರು ಒರೆಸಿಕೊಳ್ಳುತ್ತಲೇ ಇರುವ ಮನುಷ್ಯ. ಅವನ ಹಿಂದೆ ಇಳಿದ ಗುರುಸಿದ್ದವ್ವ ಒಳಗೆ ಬಂದವಳೇ ಹನಮವ್ವನ ಎರಡೂ ಕೈಗಳನ್ನು ಹಿಡಿದುಕೊಂಡಳು.

“ಇದ ಅಲ್ಲೇನ ಬೇ ಫೋನಿನಾಗಿದ್ದ ಕೈ? ಯವ್ವಾ, ನಾಕ ತಿಂಗಳಾತು, ನಿನ್ನ ರೊಟ್ಟಿ ಇಲ್ದ ನನಗ ತುತ್ತ ಇಳಿಯಂಗಿಲ್ಲ ನೋಡು. ಸೊಸಿ ಮಾಡಿದ್ದು ಚಪ್ಪಲಿ ಆಕ್ಕೇತಿ.”

“ಸೊಸಿ ಮುಂದ ಹಂಗ ಅನಬ್ಯಾಡ್ರಿ, ಆಮ್ಯಾಲ ಆರ್ಡರ್ ಹಾಕೂದ ಬಿಟ್ಟಾಳು!” ಹನಮವ್ವ ನಕ್ಕಳು.

ಇಬ್ಬರು ಮುದುಕಿಯರೂ ಚಾಪೆಯ ಮೇಲೆ ಕೂತರು. ಯಶೋಧರಾ ಒಲೆಯ ಮೇಲಿನ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಶೇಂಗಾ ಚಟ್ನಿ ಇಟ್ಟು ಕೊಟ್ಟಳು. ಗುರುಸಿದ್ದವ್ವ ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. “ಥೇಟ್ ನಮ್ಮ ತವರಮನಿ ರೊಟ್ಟಿ. ನಮ್ಮ ಕಾಖಂಡಕ್ಯಾಗ ಹಿಂಗ ಬಡೀತಿದ್ರು, ಎಲಿಯಷ್ಟ ತೆಳ್ಳಗ.”

“ಯವ್ವಾ!” ಹನಮವ್ವ ಕೂತಲ್ಲೇ ಅರ್ಧ ಎದ್ದಳು. “ನಿಮ್ಮ ತವರಮನಿ ಕಾಖಂಡಕೀನಾ? ನಂದೂ ಅದ ರೀ!”

ಆಮೇಲೆ ಆ ಖೋಲಿಯಲ್ಲಿ ಬೇರೆಯವರ ಮಾತಿಗೆ ಜಾಗವೇ ಇರಲಿಲ್ಲ. ಶಾಲೆಯ ಹಿಂದಿನ ಹುಣಸೆಮರ ಬಿದ್ದದ್ದು, ಕುದುರೆಯ ಮೇಲೆ ಬರುತ್ತಿದ್ದ ಬಳೆಗಾರ, ಬಸ್ಸು ಮೊದಲ ಸಲ ಊರಿಗೆ ಬಂದಾಗ ಅದಕ್ಕೂ ಆರತಿ ಎತ್ತಿದ್ದು. ಒಬ್ಬಳು ಅರ್ಧ ಹೇಳಿದರೆ ಇನ್ನೊಬ್ಬಳು ಪೂರ್ತಿ ಮಾಡುತ್ತಿದ್ದಳು. ಗುರುಸಿದ್ದವ್ವನ ಎಡಗೈ ಇನ್ನೂ ಹನಮವ್ವನ ಕೈಯ ಮೇಲೇ ಇತ್ತು. ಸಂಗನಬಸವ ಮುನ್ನೂರು ರೊಟ್ಟಿ ತುಂಬಿಟ್ಟ ಎರಡು ಡಬ್ಬಿಗಳನ್ನು ನೋಡಿ, ಪೋಸ್ಟೇಜು ಉಳಿಯಿತಲ್ಲ ಎಂಬ ಖುಷಿಯಲ್ಲಿ ಜೇಬಿನಿಂದ ನೋಟು ತೆಗೆದು ಎಣಿಸತೊಡಗಿದ್ದ.

“ಇಷ್ಟ ವರ್ಷ ಆದ್ರೂ ನಿನ್ನ ಗುರ್ತ ಹತ್ತವಲ್ದಲ್ಲ ಬೇ. ಯಾವ ಓಣ್ಯಾಕಿ ನೀ?” ಗುರುಸಿದ್ದವ್ವ ಕೇಳಿದಳು.

ಆ ಕಡೆ ಯಾರ ಗುರುತು ಸಿಗಬೇಕಾದರೂ ಮೊದಲು ಕೇಳುವುದು ಓಣಿಯನ್ನೇ. ಕೇಳುವವರಿಗೆ ಅದರಲ್ಲಿ ಕೆಟ್ಟದ್ದೇನೂ ಕಾಣುವುದಿಲ್ಲ. ತವರಿನ ಹೆಸರು ಕೇಳಿದ ಹರುಷದಲ್ಲಿ ಹನಮವ್ವನೂ ಮೈಮರೆತಿದ್ದಳು.

“ಅಗಸಿ ಹೊರಗಿನ ಓಣಿ ರೀ. ಮರೆಪ್ಪನ ಮಗಳ ನಾ.”

“ಯಾವ ಮರೆಪ್ಪ?” ಗುರುಸಿದ್ದವ್ವನ ದನಿ ಸಣ್ಣಗಾಯಿತು. “ನಮ್ಮ ಹೊಲಕ್ಕ ದುಡ್ಯಾಕ ಬರ್ತಿದ್ದ ಮರೆಪ್ಪನಾ?”

“ಹೌದ್ರಿ, ಅವನ. ನಿಮ್ಮಪ್ಪಗ ಶಿವಯೋಗೆಪ್ಪ ಗೌಡ್ರು ಅಂತಿದ್ರಲ್ಲ? ನಾನೂ ಬರ್ತಿದ್ದೆ ಅಪ್ಪನ ಕೂಡ, ಕಸಾ ತಗ್ಯಾಕ.”

ಊರ ಹೆಬ್ಬಾಗಿಲಾದ ಅಗಸಿಯ ಹೊರಗಿನ ಓಣಿ ಯಾವ ಜಾತಿಯವರದು ಎಂದು ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗುರುಸಿದ್ದವ್ವನ ಎಡಗೈ ಹನಮವ್ವನ ಕೈಯ ಮೇಲಿಂದ ಎದ್ದು ಅವಳ ಸ್ವಂತ ಮೊಣಕಾಲಿಗೆ ಬಂತು. ಬಲಗೈಯಲ್ಲಿ ಬೆಣ್ಣೆ ಹಚ್ಚಿದ ರೊಟ್ಟಿಯ ಚೂರು ಇನ್ನೂ ಇತ್ತು. ಅದನ್ನು ಬಾಯಿಗೂ ಹಾಕಲಿಲ್ಲ, ತಾಟಿಗೂ ಹಾಕಲಿಲ್ಲ. ಎದ್ದು ನಿಲ್ಲುವಾಗ ಡಬ್ಬಿಯ ಅಂಚಿನ ಮೇಲೆ ಇಟ್ಟಳು.

“ಸಂಗನಬಸವ, ಹೊತ್ತಾತಪಾ. ನಡಿ.”

ಸಂಗನಬಸವ ಎಣಿಸುತ್ತಿದ್ದ ನೋಟುಗಳನ್ನು ನೋಡಿದ, ತಾಯಿಯನ್ನು ನೋಡಿದ. ನೋಟು ಮತ್ತೆ ಜೇಬಿಗೆ ಹೋದವು.

“ಹಂಗಾರ... ಪೋಸ್ಟಿಗೇ ಹಾಕಿಬಿಡ್ರಿ,” ಅಂದ.

ಯಶೋಧರಾ ಡಬ್ಬಿ ಎತ್ತಿಕೊಡಲು ಬಗ್ಗಿದ್ದವಳು ಹಾಗೇ ನಿಂತಳು. “ಏನಂದ್ರಿ?”

“ಕಾರಿನಾಗ ಸಾಮಾನ ಅದಾವ. ಜಾಗ ಇಲ್ಲ. ಆ್ಯಪಿನಾಗ ಆರ್ಡರ್ ಹಾಕ್ತೀನಿ, ಮನಿಗೆ ಬಂದಾಗ ರೊಕ್ಕ ಕೊಡ್ತೀನಿ.”

ಬಾಗಿಲಾಚೆ ಕಾರಿನ ಹಿಂದಿನ ಸೀಟು ಖಾಲಿ ಕಾಣುತ್ತಿತ್ತು.

“ಪೋಸ್ಟೇಜ್ ಆರನೂರಾ ಇಪ್ಪತ್ತ ಆಕ್ಕೇತ್ರಿ.”

“ಆಗ್ಲಿ.”

“ಹುಬ್ಬಳ್ಳಿಗೆ ಹೋಗಿ ಬರತೈತ್ರಿ.”

“ಹೋಗ್ಲಿ ಬಿಡ್ರಿ,” ಅಂದು ಸಂಗನಬಸವ ಮುಖ ಒರೆಸಿಕೊಂಡ. ಹದಿನೈದು ದಿನ ಒಂದೊಂದು ರೂಪಾಯಿಗೂ ಗಂಟಲು ಹರಿದುಕೊಂಡವನು ಅವತ್ತು ಒಂದು ಪೈಸೆಯನ್ನೂ ಕೇಳಲಿಲ್ಲ.

ಕಾರು ಹೋದ ಮೇಲೆ ಹನಮವ್ವ ಆ ಚೂರನ್ನು ತೆಗೆದುಕೊಂಡು ಒಲೆಗೆ ಹಾಕಿದಳು. “ಕಳಸಬ್ಯಾಡ ಯಶೋಧರಾ. ಅವರು ಇಸ್ಕೊಳ್ಳಂಗಿಲ್ಲ. ನಾನ ಹುಚ್ಚಿ, ಕೇಳಿದ ಕೂಡ್ಲೆ ಹೇಳಿಬಿಟ್ಟೆ.”

“ನೀವ್ ಯಾಕ ಹುಚ್ಚಿ? ಹೆಸರ ಹೇಳೂದು ತಪ್ಪಾ?” ಯಶೋಧರಾಳ ದನಿ ಏರಿತು. “ಆರ್ಡರ್ ಬಂದ್ರ ಕಳಸೂದ ನಾನು. ನಾವ್ ಕ್ಯಾನ್ಸಲ್ ಮಾಡಿದ್ರ ಆ್ಯಪಿನಾವ್ರು ನಮ್ಮ ತಪ್ಪು ಅಂತಾರ. ಬ್ಯಾಡ ಅನ್ನೂದು ಅವ್ರ ಬಾಯಿಲೆ ಬರ್ಲಿ.”

ಆರ್ಡರ್ ಸಂಜೆಯೇ ಬಂತು. ಮರುದಿನ ಅವಳು ಎರಡು ಡಬ್ಬಿಗಳನ್ನೂ ಬಸ್ಸಿನಲ್ಲಿ ಟಿಕೋಟಾಕ್ಕೆ ಒಯ್ದು ಬುಡ್ಡೇಸಾಬನ ಕೈಗೆ ಕೊಟ್ಟಳು.

ಎಂಟನೆಯ ದಿನ ಬುಡ್ಡೇಸಾಬನ ಫೋನು. “ತಂಗಿ, ನಿಮ್ಮ ಎರಡೂ ಡಬ್ಬಿ ವಾಪಸ್ ಬಂದಾವ. ಬಾಗಲದಾಗ ಬ್ಯಾಡ ಅಂದ್ರಂತ. ಹುಬ್ಬಳ್ಳಿ ಎರಡ ಸಲ ನೋಡಿ ಬಂದಾವ ನೋಡು ಪಾಪ.” ನಗಿಸಲು ನೋಡಿದ. ಇವಳು ನಗದಿದ್ದಾಗ ಲೆಕ್ಕಕ್ಕೆ ಬಂದ. “ಹೋದದ್ದೂ ಬಂದದ್ದೂ ಎರಡೂ ನಿಮ್ಮ ಖಾತೇದಾಗಿಂದ ಕಡದಾರ. ಸಾವಿರದಾ ಎರಡನೂರಾ ನಲವತ್ತು. ನಾ ಏನ್ ಮಾಡಾಕ ಬರಂಗಿಲ್ಲ ಬೇ, ನಾ ಬರೇ ಡಬ್ಬಿ ಅಳಿಯಾಂವ.”

ಅದೇ ಗಳಿಗೆಗೆ ಆ್ಯಪಿನಿಂದಲೂ ಒಂದು ಸಂದೇಶ ಬಂದಿತ್ತು. ಗ್ರಾಹಕರು ಕೊಟ್ಟ ಕಾರಣ: ಸರಕು ಹಾಳಾಗಿದೆ. ಕೆಳಗೆ ಒಂದು ನಕ್ಷತ್ರ, ಒಂದು ಬರಹ: ‘ಪೋಸ್ಟೇಜ್ ಹೆಸರಿನಲ್ಲಿ ಲೂಟಿ. ರೊಟ್ಟಿ ಎಲ್ಲ ಮುರಿದಿವೆ. ಸ್ವಚ್ಛತೆ ಇಲ್ಲ.’ ತಿನ್ನುವ ಪದಾರ್ಥದ ಸ್ವಚ್ಛತೆಯ ದೂರಾದ್ದರಿಂದ ಅಂಗಡಿಯನ್ನು ಅವತ್ತಿನಿಂದಲೇ ನಿಲ್ಲಿಸಲಾಗಿದೆ. ಏಳು ದಿನದೊಳಗೆ ಗ್ರಾಹಕರೇ ದೂರನ್ನು ತಿದ್ದದಿದ್ದರೆ ಕಾಯಂ ಮುಚ್ಚಲಾಗುವುದು. ಹಿಟ್ಟು ಮೆತ್ತಿದ ಎರಡು ಕೈಗಳ ಮೇಲೆ ಬೂದು ಬಣ್ಣ ಬಂದು ಕೂತಿತ್ತು.

ಯಶೋಧರಾ ಸಂಗನಬಸವನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಐದು ದಿನ, ದಿನಕ್ಕೆ ನಾಲ್ಕು ಸಲ ಮಾಡಿದಳು. ಒಂದು ಸಲವೂ ಎತ್ತಲಿಲ್ಲ.

ಅವಳ ಗಂಡ ಪ್ರತಾಪ ವಿಜಯಪುರದ ಒಂದು ಸರಕಾರಿ ಆಫೀಸಿನಲ್ಲಿ ಜವಾನ. ಅಂಬೇಡ್ಕರ್ ಓಣಿಯ ಮನೆಯ ಗೋಡೆಯ ಮೇಲಿನ ಬುದ್ಧ, ಬಾಬಾಸಾಹೇಬರ ಪಟಗಳ ಕೆಳಗೆ ಕೂತು ಚಹಾ ಕುಡಿಯುತ್ತ, “ಬಿಟ್ಟ ಬಿಡು. ಇದೇನ್ ಹೊಸಾದು? ಬ್ಯಾರೆ ಹೆಸರಿಲೆ ಇನ್ನೊಂದ ಅಂಗಡಿ ತಗಿ” ಅಂದ.

“ಬ್ಯಾರೆ ಹೆಸರ ಯಾವ್ದು? ಅವರಿಗೆ ಒಪ್ಪೂವಂಥಾದ್ದಾ?”

“ನಾ ಹಂಗ ಅಂದ್ನೇನ?”

“ಮತ್ತ ಹ್ಯಾಂಗ ಅಂದಿ? ಎರಡ ವರ್ಷ ಅತ್ತಿ ಕೈ ಸುಟ್ಕೊಂಡಾಳ ಪ್ರತಾಪ. ಒಂದ ರೊಟ್ಟಿ ಮುರದ ಹೋಗಿಲ್ಲ. ಹೊಲಸು ಅಂತ ಬರದಾನ ಅಂವ! ಪಟದ ಕೆಳಗ ಕುಂತ ಬಿಟ್ಟ ಬಿಡು ಅಂತೀಯಲ್ಲ.”

ಪ್ರತಾಪ ಚಹಾದ ಬಸಿ ಕೆಳಗಿಟ್ಟ. “ನಾನೂ ಬರ್ಲೇನು?”

“ಬ್ಯಾಡ. ನೀ ಬಂದ್ರ ಹೊಡ್ಯಾಕ ಬಂದಾರ ಅಂತಾನ. ನಾ ಪೋಸ್ಟೇಜ್ ಕೇಳಾಕ ಹೊಂಟೀನಿ.”

ಆರನೆಯ ದಿನ ಮಧ್ಯಾಹ್ನ ಅವಳು ವಾಪಸ್ ಬಂದ ಡಬ್ಬಿಗಳಲ್ಲಿ ಒಂದನ್ನು ಟವೆಲಿನಲ್ಲಿ ಕಟ್ಟಿಕೊಂಡು ವಿಜಯಪುರದ ಬಸ್ಸು ಹತ್ತಿದಳು. ಗಾಂಧಿ ಚೌಕದಿಂದ ಒಳಗೆ, ಕೇಳಿ ಕೇಳಿ ಅಂಗಡಿ ಹುಡುಕಿದಳು. ಕೆಳಗೆ ಅಂಗಡಿ, ಹಿಂದೆಯೇ ಮನೆ. ಗಲ್ಲೆಯ ಹಿಂದೆ ಸಂಗನಬಸವ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಗುರುಸಿದ್ದವ್ವ, ಗಲ್ಲೆಯ ಈಚೆ ಕೈಯಲ್ಲೊಂದು ಎಲ್ಬೋ ಪೈಪಿನ ತುಂಡು ಹಿಡಿದ ನಳದ ಮಿಸ್ತ್ರಿ ಲಾಡಲೇಸಾಬ.

“ಏನ್ ಬೇಕ್ರಿ?” ಸಂಗನಬಸವ ಬಿಲ್ಲಿನಿಂದ ತಲೆಯೆತ್ತದೆ ಕೇಳಿದ.

“ಪೋಸ್ಟೇಜ್ ಬೇಕ್ರಿ. ಹೋದದ್ದು ಆರನೂರಾ ಇಪ್ಪತ್ತು, ಬಂದದ್ದು ಆರನೂರಾ ಇಪ್ಪತ್ತು.”

ಅವಳು ಡಬ್ಬಿಯನ್ನು ಗಲ್ಲೆಯ ಮೇಲೆ ಇಟ್ಟಳು. ಸಂಗನಬಸವನ ಪೆನ್ನು ನಿಂತಿತು. ಕುರ್ಚಿಯಲ್ಲಿದ್ದ ಗುರುಸಿದ್ದವ್ವ ಸೆರಗು ಸರಿಮಾಡಿಕೊಂಡಳು.

“ಇಲ್ಲಿ ಗಿರಾಕಿ ಅದಾರ,” ಅವನು ದನಿ ತಗ್ಗಿಸಿದ. “ಒಳಗ ಬರ್ರಿ, ಒಳಗ ಮಾತಾಡೂಣು.”

“ಯಾವ ಒಳಗರಿ? ಪಡಸಾಲಿ ತನಾನಾ, ಅಡಗಿಮನಿ ತನಾನಾ? ಎಲ್ಲೀ ತನ ಒಳಗ ಅಂತ ಮದಲ ಹೇಳ್ರಿ, ಬರ್ತೀನಿ.”

ಸಂಗನಬಸವ ಮತ್ತೆ ಬಿಲ್ಲಿನ ಮೇಲೆ ಪೆನ್ನಿಟ್ಟ. “ರಿಟರ್ನ್ ಫ್ರೀ ಅಂತ ಆ್ಯಪಿನಾಗ ಬರದಾರ. ರೊಕ್ಕ ಕಂಪನಿಯಾವ್ರನ್ನ ಕೇಳ್ರಿ, ನನ್ನಲ್ಲ.”

“ನಿಮಗ ಫ್ರೀ. ಆ ಫ್ರೀ ನನ್ನ ಖಾತೇದಾಗಿಂದ ಹೋಗೇತಿ. ಯಾಕ ವಾಪಸ್ ಕಳಿಸಿದ್ರಿ?”

“ಮುರದಿದ್ದುವು. ಮುರದ ರೊಟ್ಟಿ ಪೂಜಾದ ದಿನ ಮಂದಿಗೆ ಹ್ಯಾಂಗ ಬಡಸೂದು?”

“ಮುರದಿದ್ದುವು?” ಯಶೋಧರಾ ಡಬ್ಬಿಯನ್ನು ಅವನ ಕಡೆ ತಿರುಗಿಸಿದಳು. “ನೋಡ್ರಿ. ನಾ ಹಚ್ಚಿದ ಟೇಪ್. ಟಿಕೋಟಾದಾಗ ಬುಡ್ಡೇಸಾಬಣ್ಣ ಒತ್ತಿದ ಶಿಕ್ಕಾ. ಬಿಚ್ಚೇ ಇಲ್ಲ. ಒಳಗ ಮುರದಾವಂತ ನಿಮಗ ಯಾರ್ ಹೇಳಿದ್ರು, ಕನಸ ಬಿತ್ತೇನು?”

ಲಾಡಲೇಸಾಬ ಬಗ್ಗಿ ಡಬ್ಬಿಯ ಸುತ್ತ ಕಣ್ಣಾಡಿಸಿದ. “ಖರೇ ರೀ ಸಾವ್ಕಾರ್ರ. ಟೇಪ್ ಹಂಗ ಐತಿ.”

“ನಿಂದೇನ್ ಲೇ ನಡಕ? ಎಲ್ಬೋ ತಗೊಂಡ ಹೋಗು.”

“ಬಿಲ್ ಆಗ್ಲಿ ತಗೋರಿ, ನನಗೇನ್ ಅವಸರ ಇಲ್ಲ,” ಅಂದ ಲಾಡಲೇಸಾಬ ಇನ್ನಷ್ಟು ಗಟ್ಟಿಯಾಗಿ ನಿಂತ.

ಗಲ್ಲೆಯ ಮೇಲೆ ಪೈಪಿನ ಟೇಪು ಕತ್ತರಿಸುವ ಬ್ಲೇಡಿತ್ತು. ಯಶೋಧರಾ ಅದನ್ನು ತೆಗೆದುಕೊಂಡು ಡಬ್ಬಿಯ ನೆತ್ತಿಯನ್ನು ಸೀಳಿದಳು. ಕಾಗದದ ಉಂಡೆಗಳನ್ನು ತೆಗೆದು ಪಕ್ಕಕ್ಕೆ ಒಗೆದಳು. ಮೇಲಿನ ರೊಟ್ಟಿ ಎತ್ತಿ ಬೆರಳ ಗೆಣ್ಣಿನಿಂದ ಬಡಿದಳು, ಟಣ್ ಅಂತು. ಎರಡನೆಯದು, ಮೂರನೆಯದು. ಅಂಗಡಿಯ ತುಂಬ ಸುಟ್ಟ ಜೋಳದ ವಾಸನೆ ಹಬ್ಬಿತು.

“ಎಣಿಸ್ರಿ ನೀವ. ನೂರಾ ಐವತ್ತ ಅದಾವ. ಎರಡ ಸಲ ಹುಬ್ಬಳ್ಳಿ ಕಂಡ ಬಂದಾವ. ಒಂದರ ಮುರದಿದ್ರ ತೋರಸ್ರಿ, ನಾ ಹಿಂಗ ತಿರುಗಿ ಹೋಗ್ತೀನಿ.”

“ಗಲ್ಲೇ ಮ್ಯಾಲಿಂದ ತಗೀರಿ ಅದನ್ನ.”

“ಯಾಕ, ಮೈಲಿಗಿ ಆಕ್ಕೇತೇನು?”

ಸಂಗನಬಸವನ ದುಂಡು ಮುಖ ಕೆಂಪಾಯಿತು. ಬಹುವಚನ ಬಿಟ್ಟ. “ಏನ, ಕೇಸ್ ಗೀಸ್ ಅಂತ ಹೆದರಸಾಕ ಬಂದೀಯೇನ? ನಾನೂ ನಾಕ ಮಂದೀನ ಕಂಡೀನಿ.”

“ಕೇಸ್ ಅಂದಾವ್ರು ನೀವು. ನಾ ಪೋಸ್ಟೇಜ್ ಅಂದೀನಿ.” ಅವಳು ರೊಟ್ಟಿಯನ್ನು ಡಬ್ಬಿಯೊಳಗೆ ಇಟ್ಟು ಎರಡೂ ಕೈಯಿಂದ ಡಬ್ಬಿಯನ್ನೇ ಹಿಡಿದಳು. “ನಾಳಿಗೆ ನನ್ನ ಅಂಗಡಿ ಮುಚ್ಚತಾರ. ಸ್ವಚ್ಛತೆ ಇಲ್ಲ ಅಂತ ಬರದೀರಿ. ನಮ್ಮ ಖೋಲಿಗೆ ಬಂದಿದ್ರಿ, ಚಾಪಿ ಮ್ಯಾಲ ಕುಂತಿದ್ರಿ. ಏನ್ ಹೊಲಸ ಕಂಡ್ರಿ? ಇಲ್ಲೇ ಹೇಳ್ರಿ, ಈ ಅಣ್ಣನ ಮುಂದನ ಹೇಳ್ರಿ.”

ಲಾಡಲೇಸಾಬ ತನ್ನ ಎಲ್ಬೋದೊಳಗೆ ಕಣ್ಣಿಟ್ಟು ನೋಡತೊಡಗಿದ. ಮನೆಯ ಕಡೆಯ ಬಾಗಿಲಿನ ಪರದೆ ಅಲುಗಿತು. ನೇತ್ರಾ ಇರಬೇಕು, ಹೊರಗೆ ಬರಲಿಲ್ಲ.

“ಅವಗ ಬೈಬ್ಯಾಡ ತಂಗಿ,” ಕುರ್ಚಿಯಿಂದ ಗುರುಸಿದ್ದವ್ವನ ಮಾತು ಬಂತು. “ಬ್ಯಾಡ ಅಂದಾಕಿ ನಾನ. ಪೂಜಾಕ್ಕ ಬೀಗರು ಬರಾವ್ರು, ಊರ ಮಂದಿ ಬರಾವ್ರು. ನಾಳಿ ಯಾರಿಗರ ಗೊತ್ತಾದ್ರ ಬಾಯಿಗೆ ಬಂದಂಗ ಆಡ್ತಾರವಾ. ನಿಮ್ಮ ಅತ್ತಿ ಕೈ ಬಂಗಾರದ್ದು, ನಾ ಇಲ್ಲ ಅನ್ನಂಗಿಲ್ಲ.”

“ಬಂಗಾರದ ಕೈನ ಬೆಂಕಿ ಮುಟ್ಟಿದಂಗ ಬಿಟ್ರೆಲ್ಲ ಅವತ್ತ.”

“ನನಗ ಗೊತ್ತಿರಲಿಲ್ಲವಾ. ಗೊತ್ತಿದ್ರ...”

“ಗೊತ್ತಿದ್ರ ತಿಂತಿರಲಿಲ್ಲ. ಹೌದಿಲ್ರಿ?” ಯಶೋಧರಾ ಈಗ ಸಂಗನಬಸವ ಅಲ್ಲಿ ಇದ್ದಾನೆ ಎಂಬುದನ್ನೇ ಮರೆತವಳಂತೆ ಮುದುಕಿಯ ಕಡೆ ತಿರುಗಿದಳು. “ಮುನ್ನೂರ ರೊಟ್ಟಿ ವಾಪಸ್ ಕಳಿಸಿದ್ರಿ. ನಾಕ ತಿಂಗಳ ತಿಂದ್ರೆಲ್ಲ ಅವ್ವಾರ, ಅವನ್ನ ಯಾವ ಕೊರಿಯರ್‌ಗೆ ಹಾಕಿ ವಾಪಸ್ ಕಳಸ್ತೀರಿ? ಅದರ ಪೋಸ್ಟೇಜ್ ಎಷ್ಟ ಆಕ್ಕೇತಿ ಕೇಳೀರೇನು?”

ಗುರುಸಿದ್ದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ, ಅತ್ತಳೋ, ಬರೀ ಬಾಯಿ ಮುಚ್ಚಿಕೊಂಡಳೋ, ಆ ಸೆರಗಿನ ಹಿಂದೆ ಏನೂ ತಿಳಿಯುವಂತಿರಲಿಲ್ಲ. ರಸ್ತೆಯಲ್ಲಿ ಇಬ್ಬರು ನಿಂತು ಒಳಗೆ ನೋಡುತ್ತಿದ್ದರು. ಸಂಗನಬಸವ ಗಲ್ಲೆಯ ಪೆಟ್ಟಿಗೆ ಎಳೆದು ಐದುನೂರರ ಮೂರು ನೋಟು ತೆಗೆದು ಡಬ್ಬಿಯ ಪಕ್ಕಕ್ಕೆ ಒಗೆದ.

“ತಗೋರಿ. ಮುಗೀತಿಲ್ಲ?”

“ಮುಗದಿಲ್ಲ.” ಯಶೋಧರಾ ಸೊಂಟದ ಚೀಲ ಬಿಚ್ಚಿ, ಎರಡುನೂರಾ ಅರವತ್ತು ರೂಪಾಯಿ ಎಣಿಸಿ ಗಲ್ಲೆಯ ಮೇಲೆ ಇಟ್ಟಳು. “ಇದು ನಿಮ್ಮ ಚಿಲ್ಲರ. ನಂಗ ಪೋಸ್ಟೇಜ್ ಅಷ್ಟ ಸಾಕು, ದಾನ ಬ್ಯಾಡ. ಈಗ ಫೋನ್ ತಗೀರಿ. ಬರದಿದ್ದು ಅಳಸ್ರಿ, ಕಾರಣ ತಿದ್ರಿ.”

ಅವನು ಫೋನು ತೆಗೆದ. ಹೆಬ್ಬೆರಳಿನಿಂದ ಬರಹ ಅಳಿಸಿದ್ದನ್ನು ಅವಳಿಗೆ ತೋರಿಸಿದ. ಆಮೇಲೆ ತಡೆದ.

“ಏನಂತ ತಿದ್ದಲಿ?”

“ಖರೇ ಏನೈತಿ, ಅದನ್ನ ಹಾಕ್ರಿ.”

“ಇಲ್ಲಿ ಬರ್ಯಾಕ ಬರಂಗಿಲ್ಲ. ಐದ ಕಾರಣ ಕೊಟ್ಟಾರ, ಅದರಾಗ ಒಂದ ಒತ್ತಬೇಕು. ತಡ ಆತು, ಹಾಳಾತು, ಬ್ಯಾಡಾತು, ಪೋಸ್ಟೇಜ್ ಹೆಚ್ಚಾತು...” ಅವನು ಫೋನಿನಿಂದ ಕಣ್ಣು ಕೀಳದೆ ಓದಿದ. “ನಿಮಗ ಬೇಕಾದ ಕಾರಣ ಇದರಾಗ ಇಲ್ಲ.”

“ನನಗ ಬೇಕಾದ್ದಲ್ರಿ ಅದು,” ಅಂದಳು ಯಶೋಧರಾ, “ನಿಮ್ದು.”

ಅವನು ಏನೋ ಒಂದನ್ನು ಒತ್ತಿ ಫೋನನ್ನು ಬೋರಲು ಇಟ್ಟ. ಅವಳು ಕಾಗದದ ಉಂಡೆಗಳನ್ನೆಲ್ಲ ಹೆಕ್ಕಿ ಡಬ್ಬಿಗೆ ತುಂಬಿ, ಟವೆಲು ಬಿಗಿದು, ಡಬ್ಬಿಯನ್ನು ಸೊಂಟಕ್ಕೆ ಏರಿಸಿಕೊಂಡು ಹೊರಬಿದ್ದಳು.

ನಾಲ್ಕೂವರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಊರು ದಾಟಿ ದ್ರಾಕ್ಷಿ ತೋಟಗಳು ಕಾಣತೊಡಗಿದಾಗ ಫೋನು ನಡುಗಿತು. ಗ್ರಾಹಕರು ದೂರನ್ನು ತಿದ್ದಿದ್ದಾರೆ, ಅಂಗಡಿ ಮತ್ತೆ ತೆರೆದಿದೆ. ಅದರ ಕೆಳಗೆ: ಹಿಂದಿರುಗಿಸಿದ ಕಾರಣ, ಇತರೆ.

ಆ ಒಂದು ಶಬ್ದವನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಅಂಗಡಿಯ ಪುಟ ತೆರೆದಳು. ಕೈಗಳ ಮೇಲಿನ ಬೂದು ಬಣ್ಣ ಹೋಗಿತ್ತು. ಕೆಳಗಿನ ವಿಳಾಸದಲ್ಲಿ ಎರಡು ವರ್ಷದಿಂದ ‘ಬಸ್‌ಸ್ಟ್ಯಾಂಡ್ ಹತ್ತಿರ, ಘೋಣಸಗಿ’ ಎಂದಷ್ಟೇ ಇತ್ತು. ಬಸ್ಸು ತಗ್ಗಿನಲ್ಲಿ ಕುಲುಕಿದಾಗ ಒಂದು ಅಕ್ಷರ ತಪ್ಪಿತು, ಅಳಿಸಿ ಮತ್ತೆ ಹೊಡೆದಳು: ‘ಹನಮವ್ವ, ಮರೆಪ್ಪನ ಮಗಳು, ಅಂಬೇಡ್ಕರ್ ಓಣಿ, ಘೋಣಸಗಿ.’ ಉಳಿಸು ಎಂಬುದನ್ನು ಒತ್ತಿದಳು. ನೆಟ್‌ವರ್ಕ್ ಸಿಗದೆ ಸಣ್ಣ ಚಕ್ರ ತಿರುಗುತ್ತಲೇ ಇತ್ತು. ಟಿಕೋಟಾದಲ್ಲಿ ಬಸ್ಸು ನಿಂತು, ಬುಟ್ಟಿಗಳ ಸಮೇತ ನಾಲ್ಕು ಹೆಂಗಸರು ಹತ್ತಿ, ಕಂಡಕ್ಟರ್ ಸೀಟಿ ಊದುವ ಹೊತ್ತಿಗೆ ಚಕ್ರ ನಿಂತು, ಉಳಿಯಿತೆಂಬ ಹಸಿರು ಗುರುತು ಬಂತು.